ಗುಂಯ್ ನಿಂತ ಸಂಜೆ

ಮುಕುಂದಯ್ಯನವರ ಮ್ಯಾಂಡೊಲಿನ್ ಕೇಬಲ್ಲು ಗುಂಯ್‌ಗುಡಲು ಶುರುವಾಗಿ ಎಂಟು ತಿಂಗಳಾಗಿತ್ತು. ವೇದಿಕೆಯ ಮೇಲೆ ಅದರ ಕೊನೆಯ ಜಾಕನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಸಾಕು, ಜೇನುಗೂಡಿಗೆ ಕಲ್ಲು ಹೊಡೆದಂಥ ಸದ್ದು. ಹೊಸನಗರದಲ್ಲಿ ಅವರಿದ್ದ ಸುಗಮ ಸಂಗೀತ ತಂಡವನ್ನು ನಡೆಸುವ ಮಂಜುಶ್ರೀ ಮೊನ್ನೆ ಮೆಲ್ಲಗೆ ಹೇಳಿದ್ದಳು:

"ಸರ್, ಭಾನುವಾರ ಸಾಗರದ ಕಾರ್ಯಕ್ರಮದಲ್ಲಿ ಈ ಸದ್ದು ಬರಬಾರ್ದು. ಬಂದ್ರೆ ಮುಂದಿನ ಕಾರ್ಯಕ್ರಮಕ್ಕೆ ಬೇರೆಯವರನ್ನ ನೋಡ್ಬೇಕಾಗ್ತದೆ."

ಹೆಂಡತಿ ಹೋದ ಮೇಲೆ ಮುಕುಂದಯ್ಯ ಮನೆಯಲ್ಲಿ ನುಡಿಸುವುದನ್ನೇ ಬಿಟ್ಟಿದ್ದರು. ನಾಲ್ಕು ಜನರ ನಡುವೆ ಕೂರಲು ಅವರಿಗೆ ಉಳಿದಿದ್ದು ಆ ತಂಡವೊಂದೇ.

ಭಾನುವಾರ ಬೆಳಿಗ್ಗೆ, ಪಂಪ್‌ಸೆಟ್ ರಿಪೇರಿ ಮಾಡುವ ಪಕ್ಕದ ಮನೆಯ ಬೆಳ್ಳಪ್ಪ ಬೇಲಿ ದಾಟಿ ಬಂದ. "ಅರ್ಥಿಂಗ್ ಹೋಗಿದೆ ಮಾರ್ರೆ, ಕೊಡಿ ಇಲ್ಲಿ" ಎಂದವನೇ, ಇವರು ಬೇಡ ಬೇಡ ಅನ್ನುವಷ್ಟರಲ್ಲಿ ಕೇಬಲ್ಲನ್ನು ನಡುವೆ ಕತ್ತರಿಸಿ, ಹೊಸೆದು, ಕಪ್ಪು ಟೇಪು ಸುತ್ತಿದ. ಸಿಕ್ಕಿಸಿ ನೋಡಿದರೆ ಜೇನುಗೂಡು ಹೋಗಿ ಹಿಟ್ಟಿನ ಗಿರಣಿಯೇ ಬಂದು ಕೂತಿತ್ತು.

"ಸದ್ದು ಜೋರಾತಲ್ಲ, ಅಂದ್ರೆ ಕರೆಂಟು ಚೆನ್ನಾಗಿ ಹರೀತಿದೆ" ಎಂದು ಬೆಳ್ಳಪ್ಪ ಹೆಮ್ಮೆಯಿಂದ ಕೈ ಒರೆಸಿಕೊಂಡ.

ಸಿಕ್ಕಿದ ಬಸ್ಸು ಹಿಡಿದು ಮುಕುಂದಯ್ಯ ಸಾಗರಕ್ಕೆ ಓಡಿದರು. ಮೈಕು ರಿಪೇರಿಯ ಕೆರಿಯಪ್ಪ ಭಾನುವಾರವೆಂದು ಬೇಗನೆ ಅಂಗಡಿ ಮುಚ್ಚುತ್ತಿದ್ದ. ಕೇಬಲ್ ಕಂಡು ತಲೆ ಅಲ್ಲಾಡಿಸಿದ.

"ಯಾರು ಸರ್ ಇದನ್ನ ಕೊಂದಿದ್ದು? ನೋಡಿ, ನಡುವಿನ ತಂತಿ ಸಿಗ್ನಲ್ಲು, ನಿಮ್ಮ ನಾದ ಹೋಗೋದು ಇದರಲ್ಲಿ. ಸುತ್ತ ಬಲೆ ಥರ ಇದೆಯಲ್ಲ, ಅದು ಗ್ರೌಂಡು. ಹೊರಗಿನ ಸದ್ದು ಒಳಗೆ ನುಗ್ಗದ ಹಾಗೆ ಕಾಯ್ತದೆ. ಜಾಕಿನ ತುದಿಗೆ ಸಿಗ್ನಲ್ಲು, ಬುಡಕ್ಕೆ ಗ್ರೌಂಡು. ನಿಮ್ಮೋರು ಎರಡನ್ನೂ ಅದಲು ಬದಲು ಮಾಡಿದಾರೆ. ಅದಕ್ಕೂ ಮೊದ್ಲೇ ಬುಡದಲ್ಲಿ ಬಲೆ ಹರಿದಿತ್ತು."

ಹಾಳಾದ ತುಂಡು ತೆಗೆದು, ಬೆಸುಗೆ ಹಾಕಿ ಕೊಟ್ಟ. ತನ್ನ ಕೆಲಸ ಹೇಗೆ ಕೇಳಿಸುತ್ತದೆ ನೋಡಬೇಕೆಂದು ತಾನೂ ಸಂಜೆ ಬಂದು ಸಭಾಭವನದ ಮುಂದಿನ ಸಾಲಲ್ಲೇ ಕೂತ.

ಮುಕುಂದಯ್ಯ ಉಸಿರು ಬಿಗಿಹಿಡಿದು ಜಾಕ್ ಸಿಕ್ಕಿಸಿದರು. ಚೂರೂ ಸದ್ದಿಲ್ಲ! ಅವರ ಕಣ್ಣು ತುಂಬಿ ಬಂತು. ಹಾಡಿನ ನಡುವೆ ಅವರ ಸರದಿ ಬಂದಾಗ ಮೊದಲ ಸ್ವರ ನಡುಗಿತು. ಎರಡನೆಯದು ಜಾರಿ ಎಲ್ಲೋ ಹೋಯಿತು. ಕೆಳಗೆ ನೋಡಿದರೆ ಎಡಗೈಯ ಬೆರಳುಗಳು ತಮ್ಮಷ್ಟಕ್ಕೆ ಅದುರುತ್ತಿದ್ದವು. ಇಷ್ಟು ದಿನ ಆ ಗುಂಯ್ ಅದನ್ನು ಊರಿನಿಂದಲೂ ಮುಚ್ಚಿಟ್ಟಿತ್ತು, ಅವರಿಂದಲೂ ಮುಚ್ಚಿಟ್ಟಿತ್ತು.

ಮಂಜುಶ್ರೀ ಆ ಬೆರಳುಗಳನ್ನು ನೋಡಿದಳು. ಹಾಡು ನಿಲ್ಲಿಸಿ ಮೈಕಿನಲ್ಲಿ, "ಕ್ಷಮಿಸಿ, ಕೇಬಲ್ಲಿಂದು ಸ್ವಲ್ಪ ತೊಂದರೆ" ಎಂದಳು.

"ಹೌದು ಹೌದು, ಕೇಬಲ್ಲು" ಎಂದರು ಮುಕುಂದಯ್ಯ, ಕೈಮುಗಿಯುವಂಥ ದನಿಯಲ್ಲಿ.

ಕೆರಿಯಪ್ಪ ದಡಕ್ಕನೆ ಎದ್ದ. "ಕೇಬಲ್ಲಿಗೆ ಎಂತಾ ಆಗಿದೆ?" ಎನ್ನುತ್ತ ವೇದಿಕೆ ಹತ್ತಿ, ಕೇಬಲ್ಲು ಬಿಚ್ಚಿ, ತಂತಿ ಸರಿಯಿದ್ದರೆ ಪೀಂ ಅನ್ನುವ ಮೀಟರನ್ನು ಜೇಬಿನಿಂದ ತೆಗೆದು, ಎರಡೂ ಕೊನೆಯ ಜಾಕುಗಳ ತುದಿಗೆ ತುದಿ ಮುಟ್ಟಿಸಿದ. ಪೀಂ. ಬುಡಕ್ಕೆ ಬುಡ. ಪೀಂ.

"ಕೇಳಿದ್ರಲ್ಲ? ಎರಡೂ ಪಕ್ಕಾ! ತಪ್ಪು ಬೇರೆಲ್ಲೋ ಇದೆ, ಹುಡುಕಿ!"

ಯಾರೂ ಹುಡುಕಲಿಲ್ಲ. ಇಡೀ ಸಭೆ ಮುಕುಂದಯ್ಯನವರ ಕೈಯನ್ನೇ ನೋಡುತ್ತಿತ್ತು.