ಮೆಟ್ಟಿಲಪ್ಪನ ಸಮುದ್ರದರ್ಶನ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮೆಟ್ಟಿಲಪ್ಪ ಆ ದಿನ ಬೆಳಿಗ್ಗೆ ಆಫೀಸಿನಲ್ಲಿ ಆಡಿದ್ದು ಪುಟ್ಟದೊಂದು ಮಾತು. ಆದರೆ ಸಂಜೆಯ ಹೊತ್ತಿಗೆ ಅದು ಬೆಳೆದು ಅವನನ್ನೇ ನುಂಗಿ ಕೂತಿತ್ತು.

ಮೆಟ್ಟಿಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವನು ಕೆಲಸ ಮಾಡುವ ವಿಮಾ ಕಂಪನಿಯ ಆಫೀಸು ಆರನೇ ಮಹಡಿಯಲ್ಲಿತ್ತು. ಸೇರಿ ಇಷ್ಟು ವರ್ಷವಾದರೂ ಅವನು ಒಂದು ದಿನವೂ ಲಿಫ್ಟಿಗೆ ಕಾಲಿಟ್ಟವನಲ್ಲ. ಯಾಕೆಂದು ಕೇಳಿದವರಿಗೆ, "ಮೆಟ್ಟಿಲು ಹತ್ತೋದು ಆರೋಗ್ಯಕ್ಕೆ ಒಳ್ಳೇದು ಕಣ್ರೀ" ಎನ್ನುತ್ತಿದ್ದ. ನಿಜ ಗೊತ್ತಿದ್ದದ್ದು ಹೆಂಡತಿಯೊಬ್ಬಳಿಗೇ. ಲಿಫ್ಟು, ಉಯ್ಯಾಲೆ, ತಿರುಗುವ ಕುರ್ಚಿ, ಹೀಗೆ ಅಲುಗಾಡುವ ಯಾವುದೂ ಅವನ ಹೊಟ್ಟೆಗೆ ಆಗಿಬರುತ್ತಿರಲಿಲ್ಲ. ಮೀಸೆ ಹೊತ್ತ ಗಂಡಸು, ನನಗೆ ಲಿಫ್ಟಿನಲ್ಲಿ ವಾಂತಿ ಬರುತ್ತದೆ ಎಂದು ಡಂಗುರ ಹೊಡೆದುಕೊಂಡು ತಿರುಗಲಾದೀತೇ? ಹಾಗಾಗಿ ಮೆಟ್ಟಿಲು ಹತ್ತುತ್ತಿದ್ದ, ಬೆವರುತ್ತಿದ್ದ, ಆರೋಗ್ಯವಂತನೆಂದು ಹೆಸರು ಪಡೆದಿದ್ದ.

ಈಗ ಆಫೀಸಿನಲ್ಲಿ ಎಲ್ಲರ ನಿದ್ದೆ ಕೆಡಿಸಿದ್ದು ದ್ವೀಪದ ಶಾಖೆ. ಅಲ್ಲಿದ್ದವನು ನಿವೃತ್ತನಾಗಿದ್ದ, ಇಲ್ಲಿಂದ ಒಬ್ಬರು ಹೋಗಲೇಬೇಕಿತ್ತು. ದ್ವೀಪಕ್ಕೆ ರಸ್ತೆಯಿಲ್ಲ, ಸೇತುವೆಯಿಲ್ಲ. ದಿನಾ ಬೆಳಿಗ್ಗೆ ಲಾಂಚ್ ಹತ್ತಿ ಸಮುದ್ರ ದಾಟಬೇಕು, ಸಂಜೆ ಮತ್ತೆ ಲಾಂಚ್ ಹತ್ತಿ ವಾಪಸು ಬರಬೇಕು. ಸುದ್ದಿ ಹಬ್ಬಿದ್ದೇ ತಡ, ಟಪಾಲು ನೋಡಿಕೊಳ್ಳುವ ಅಕ್ಕನಿಗೆ ತಲೆಸುತ್ತು ಶುರುವಾಯಿತು. ಕ್ಯಾಷಿಯರ್ ಡಾಕ್ಟರ ಸರ್ಟಿಫಿಕೇಟನ್ನೇ ತಂದುಬಿಟ್ಟ. ಮ್ಯಾನೇಜರ್ ಮೇಡಂ ಅದನ್ನು ಮೇಜಿನ ಮೇಲೆ ಕುಕ್ಕಿ, "ಇನ್ನು ಯಾರಾದ್ರೂ ನನ್ನ ಮುಂದೆ ತಲೆಸುತ್ತು ಅಂದ್ರೆ, ಅವರನ್ನೇ ಲಾಂಚ್ ಹತ್ತಿಸ್ತೀನಿ!" ಎಂದು ಗಲ್ಲದ ಮಚ್ಚೆ ಕುಣಿಯುವಂತೆ ಗುಡುಗಿದ್ದರು.

ಹೀಗೆ ಇಡೀ ಆಫೀಸಿನಲ್ಲಿ ನಿಜವಾಗಿಯೂ ತಲೆಸುತ್ತು ಇದ್ದ ಒಬ್ಬನೇ ಒಬ್ಬ ಮನುಷ್ಯ ಬಾಯಿ ಬಿಡುವಂತಿರಲಿಲ್ಲ. ಮೇಡಂ ಹೆಸರು ಹೇಳಬೇಕಿದ್ದದ್ದು ಅವತ್ತೇ ಸಂಜೆ. ಮೆಟ್ಟಿಲಪ್ಪ ಬೆಳಗಿನಿಂದ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದ.

ಅಂಥ ಹೊತ್ತಿನಲ್ಲಿ ಕ್ಯಾಷಿಯರ್ ಬಂದು ಮೊಬೈಲನ್ನು ಅವನ ಮೂಗಿಗೇ ಹಿಡಿದ. ನಗರದ ಹಳೆಯ ಗೋದಾಮೊಂದರಲ್ಲಿ ಬೆಳಕಿನ ಚಿತ್ರಗಳ ಪ್ರದರ್ಶನ ನಡೆದಿತ್ತು. ಗೋಡೆ, ನೆಲ, ಚಾವಣಿ, ಎಲ್ಲ ಕಡೆಯೂ ಪ್ರೊಜೆಕ್ಟರಿನಿಂದ ಚಿತ್ರ ಬಿಡುತ್ತಾರೆ. ನೋಡುವವರು ಚಿತ್ರದ ಒಳಗೇ ಓಡಾಡಬಹುದು. ಆಫೀಸಿನವರೆಲ್ಲ ಹೋಗಿಬಂದಿದ್ದರು, ಬಂದವರು ಸುಮ್ಮನಿರುತ್ತಿರಲಿಲ್ಲ. ಮೊದಲು ನಕ್ಷತ್ರ, ಆಮೇಲೆ ಹೂವು, ಆಮೇಲೆ ಮೀನು, ಕೊನೆಗೆ ಸಮುದ್ರದ ಅಲೆ ಎಂದು ಕೇಳಿ ಕೇಳಿ ಮೆಟ್ಟಿಲಪ್ಪನಿಗೆ ಎಲ್ಲ ಬಾಯಿಪಾಠವಾಗಿತ್ತು.

"ಇನ್ನೂ ನೋಡಿಲ್ವಾ? ಏನ್ರೀ ನೀವು, ಈ ಊರಲ್ಲಿದ್ದು ಏನು ಪ್ರಯೋಜನ?" ಎಂದ ಕ್ಯಾಷಿಯರ್.

"ಪಾಪ, ಅಲ್ಲಿ ಮೆಟ್ಟಿಲಿಲ್ಲವಂತೆ, ಅದಕ್ಕೇ ಹೋಗಿಲ್ಲ" ಎಂದು ಟಪಾಲಿನ ಅಕ್ಕ ಒಗ್ಗರಣೆ ಹಾಕಿದಳು.

ಮೆಟ್ಟಿಲಪ್ಪನಿಗೆ ರೇಗಿಹೋಯಿತು. "ನೋಡಿದ್ದೀನಿ ಕಣ್ರೀ! ಎರಡು ಸಲ ನೋಡಿದ್ದೀನಿ!"

"ಎರಡು ಸಲಾನಾ?" ಎಂದು ಹಿಂದಿನಿಂದ ದನಿ ಬಂತು. ಮೇಡಂ ನಿಂತಿದ್ದರು. "ನೀವೇ ಸರಿ. ನಮ್ಮತ್ತೆ ಊರಿಂದ ಬಂದಿದ್ದಾರೆ. ಅದನ್ನ ನೋಡ್ಲೇಬೇಕು ಅಂತ ಹಟ. ನನಗೆ ಮೀಟಿಂಗಿದೆ. ನೀವು ಸ್ವಲ್ಪ ಕರ್ಕೊಂಡು ಹೋಗಿ, ಎಲ್ಲಾ ವಿವರಿಸಿ ತೋರಿಸ್ಕೊಂಡು ಬಂದ್ಬಿಡಿ. ಕೈ ಮಾತ್ರ ಬಿಡಬೇಡಿ, ಕಳೆದುಹೋಗಿಬಿಡ್ತಾರೆ."

ಮೆಟ್ಟಿಲಪ್ಪ ಆಗಲ್ಲ ಎನ್ನಲು ಬಾಯಿ ತೆರೆದ. ಆದರೆ ತಲೆ ಇನ್ನೊಂದು ಲೆಕ್ಕ ಹಾಕಿತು. ಅತ್ತೆಯನ್ನು ಖುಷಿಪಡಿಸಿದವನನ್ನು ಸೊಸೆ ಸಮುದ್ರಕ್ಕೆ ನೂಕುತ್ತಾಳೆಯೇ? "ಅದಕ್ಕೇನು ಮೇಡಂ, ಸಂತೋಷವಾಗಿ" ಎಂದು ಹಲ್ಲು ಕಿರಿದ. ಕ್ಯಾಷಿಯರ್‌ನ ಮುಖ ಕಪ್ಪಿಟ್ಟಿತು. ಅವನೂ ಅದೇ ಲೆಕ್ಕ ಹಾಕಿದ್ದ.

ಮೇಡಂ ಅತ್ತೆ ಪುಟ್ಟ ಆಕೃತಿಯ ಅಜ್ಜಿ, ಕನ್ನಡಕದ ಹಿಂದೆ ಚುರುಕು ಕಣ್ಣು. ಟ್ಯಾಕ್ಸಿಯಲ್ಲಿ ಮೆಟ್ಟಿಲಪ್ಪ ಮುಂದೆ ಕೂತು, ಕಿಟಕಿಯಿಂದ ಮುಖ ಹೊರಗೆ ಹಾಕಿ ಉಸಿರು ಬಿಗಿಹಿಡಿದಿದ್ದ. ಹಿಂದಿನಿಂದ ಅಜ್ಜಿಯ ಮಾತು ನಿಲ್ಲದೆ ಸಾಗಿತ್ತು.

"ನನ್ನ ಸೊಸೆ ಒಳ್ಳೆಯವಳೇ ಕಣಪ್ಪ. ಬಾಯೊಂದು ಮುಚ್ಚಲ್ಲ. ಎದ್ರೆ ಉಪದೇಶ, ಕೂತ್ರೆ ಉಪದೇಶ. ಆಫೀಸಲ್ಲೂ ಹಾಗೇನಾ?"

"ಹೌದಮ್ಮ... ಅಲ್ಲಲ್ಲ, ಇಲ್ಲಮ್ಮ" ಎಂದ ಮೆಟ್ಟಿಲಪ್ಪ.

ಗೋದಾಮಿನ ಬಾಗಿಲಲ್ಲಿ ಬಂದವರ ಚಪ್ಪಲಿ ತೆಗೆದಿಡುತ್ತಿದ್ದ ಹುಡುಗಿ ನಗುತ್ತಾ, "ತಲೆ ಸುತ್ತಿದ ಹಾಗಾದ್ರೆ ಕಣ್ಣು ಮುಚ್ಕೊಂಡು ನಿಂತ್ಕೊಳ್ಳಿ ಸರ್" ಎಂದಳು. ಮೆಟ್ಟಿಲಪ್ಪನ ಪಾಲಿಗೆ ಅದು ಗುರೂಪದೇಶವೇ ಆಯಿತು. ಒಳಗೆ ಕಾಲಿಡುವ ಮೊದಲೇ ಕಣ್ಣು ಮುಚ್ಚಿಬಿಡೋಣವೆಂದುಕೊಂಡ.

ಬಾಗಿಲ ಪಕ್ಕದಲ್ಲಿ ಒಂದು ಮೇಜಿತ್ತು. ಮಕ್ಕಳು ಕಾಗದದ ಮೇಲೆ ಮೀನು ಬರೆದು, ಬಣ್ಣ ತುಂಬಿ, ಒಂದು ಯಂತ್ರಕ್ಕೆ ಕೊಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲೇ ಅದೇ ಮೀನು ಒಳಗಿನ ಗೋಡೆಯ ಮೇಲೆ ಈಜತೊಡಗುತ್ತಿತ್ತು. ಅಜ್ಜಿ ಅಲ್ಲೇ ನಿಂತುಬಿಟ್ಟರು.

"ನಾನೂ ಒಂದು ಬರೀಲಾ?"

"ಅದು ಮಕ್ಕಳಿಗಮ್ಮ. ಬನ್ನಿ ಬನ್ನಿ." ಬೇಗ ಮುಗಿಸಿ ಹೊರಬೀಳುವ ಆತುರ ಅವನಿಗೆ.

ಒಳಗೆ ಕಗ್ಗತ್ತಲು. ಮೆಟ್ಟಿಲಪ್ಪ ಅಜ್ಜಿಯ ಕೈ ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ಬಾಯಿಪಾಠ ಒಪ್ಪಿಸತೊಡಗಿದ.

"ಇಲ್ಲಿ ನೋಡಿ, ಹೂವಿನ ತೋಟ."

"ಎಲ್ಲಪ್ಪ? ಬರೀ ನಕ್ಷತ್ರ ಕಾಣ್ತಿದೆ."

"ಈಗ ಅರಳುತ್ತೆ ಇರಿ."

ಅವನ ಅದೃಷ್ಟಕ್ಕೆ ಆ ಗಳಿಗೆಯಲ್ಲೇ ಕಾಲ ಕೆಳಗಿಂದ ಚಾವಣಿಯವರೆಗೆ ಹೂವು ಅರಳಿತು. "ಅಯ್ಯೋ, ಹೌದಲ್ಲ!" ಎಂದರು ಅಜ್ಜಿ. ಅಕ್ಕಪಕ್ಕದವರೂ ತಿರುಗಿ ನೋಡಿದರು. ಕಣ್ಣು ಮುಚ್ಚಿಕೊಂಡೇ ಮುಂದಾಗುವುದನ್ನು ಹೇಳುವ ಈತ ಸಾಮಾನ್ಯನಲ್ಲ, ಇಲ್ಲಿನ ದೊಡ್ಡ ಕಲಾವಿದನೇ ಇರಬೇಕು ಎಂದು ಯಾರೋ ಪಿಸುಗುಟ್ಟಿದರು. ನೋಡನೋಡುತ್ತ ಅವನ ಸುತ್ತ ಜನ ನೆರೆಯಿತು.

"ಸರ್, ಇನ್ನೇನು ಬರುತ್ತೆ?"

"ಮೀನು" ಎಂದ ಮೆಟ್ಟಿಲಪ್ಪ. ಮೀನು ಬಂತು, ಜನ ಚಪ್ಪಾಳೆ ತಟ್ಟಿದರು. ನೂಕಾಟದಲ್ಲಿ ಅಜ್ಜಿಯ ಕೈ ಜಾರಿತು. ಅವನು ಗಾಬರಿಯಿಂದ ತಡಕಾಡಿ ಮತ್ತೆ ಹಿಡಿದುಕೊಂಡ. ಅದೇ ಹೊತ್ತಿಗೆ ಎಲ್ಲೋ ಗುಡುಗಿದಂತೆ ಸದ್ದಾಯಿತು, ಮಕ್ಕಳು ಕಿರುಚಿದರು, ಮುಖಕ್ಕೆ ತಣ್ಣನೆ ಗಾಳಿ ಹೊಡೆಯಿತು. ಮೆಟ್ಟಿಲಪ್ಪ ತಡೆಯಲಾರದೆ ಒಂದೇ ಒಂದು ಕಣ್ಣು ತೆರೆದ. ಮನೆಯಷ್ಟೆತ್ತರದ ಅಲೆ ಎದುರಿಗಿತ್ತು. ಕಾಲಡಿಯ ನೆಲ ನೀರಾಗಿ ವಾಲಾಡುತ್ತಿತ್ತು. ಬೆಳಗಿನ ತಿಂಡಿ ಗಂಟಲಿಗೆ ಬಂತು. ಕೈಗೆ ಸಿಕ್ಕಿದ್ದ ಅಜ್ಜಿಯನ್ನು ದರದರನೆ ಎಳೆದುಕೊಂಡು, ಗೋಡೆ ಸವರುತ್ತ, ಬೆಳಕು ಕಂಡ ಕಡೆ ಓಡಿದ.

ಹೊರಗಿನ ಬೆಳಕಿನಲ್ಲಿ ಉಸಿರು ಬಿಟ್ಟು ತಿರುಗಿ ನೋಡಿದರೆ, ಅಜ್ಜಿ ಒಂದು ಗೇಣು ಎತ್ತರ ಬೆಳೆದಿದ್ದರು. ಕನ್ನಡಕ ಹೋಗಿತ್ತು, ಹಸಿರು ಸ್ವೆಟರ್ ಬಂದಿತ್ತು.

"ಟೈಮ್ ಮುಗೀತಾ?" ಎಂದು ಆ ಹೊಸ ಅಜ್ಜಿ ಬೇಸರದಿಂದ ಕೇಳಿದರು. "ಇನ್ನೂ ಅಲೆ ಪೂರ್ತಿ ನೋಡಿರಲಿಲ್ಲ. ನೀವು ಇಲ್ಲಿಯವರೇನೋ ಅಂತ ಬಂದೆ."

"ನೀವು... ನೀವ್ಯಾರು?"

"ಏಯ್ ಮಿಸ್ಟರ್!" ಬಾಗಿಲಗಲದ ಒಬ್ಬ ಮನುಷ್ಯ ಒಳಗಿಂದ ಓಡಿಬಂದ. "ನಮ್ಮಮ್ಮನ್ನ ಎಲ್ಲಿಗೆ ಎಳ್ಕೊಂಡು ಹೋಗ್ತಿದ್ದೀಯ?"

"ತಪ್ಪಾಯ್ತು ಸರ್, ನಮ್ಮ ಅಜ್ಜಿ ಅಂದ್ಕೊಂಡೆ."

"ಕಣ್ಣು ಕಾಣಲ್ವಾ ನಿನಗೆ?"

"ಮುಚ್ಚಿದ್ದೆ ಸರ್."

ಈ ಉತ್ತರದಿಂದ ಆ ಮನುಷ್ಯ ಸಮಾಧಾನಗೊಂಡಂತೆ ಕಾಣಲಿಲ್ಲ. ಅವನು ತೋಳು ಮಡಿಸುವಷ್ಟರಲ್ಲಿ ಮೆಟ್ಟಿಲಪ್ಪನ ಫೋನು ಹೊಡೆದುಕೊಂಡಿತು. ಮೇಡಂ!

"ಅತ್ತೆ ಹೇಗಿದ್ದಾರೆ? ಫೋನ್ ಕೊಡಿ ಅವರಿಗೆ."

"ಅವರು... ಮುಳುಗಿಹೋಗಿದ್ದಾರೆ ಮೇಡಂ."

"ಏನು?!"

"ಅಂದ್ರೆ, ನೋಡೋದ್ರಲ್ಲಿ! ಆಮೇಲೆ ಮಾಡಿಸ್ತೀನಿ" ಎಂದು ಕಟ್ ಮಾಡಿದ. ಮೈಯೆಲ್ಲ ಬೆವರು. ಅತ್ತೆಯನ್ನೇ ಕಳೆದುಹಾಕಿದವನಿಗೆ ದ್ವೀಪವಲ್ಲದೆ ಇನ್ನೇನು ಸಿಗುತ್ತದೆ? ಅವನು ಜೋಲಿ ಹೊಡೆಯುತ್ತಲೇ ಮತ್ತೆ ಒಳಗೆ ನುಗ್ಗಿದ.

ಈ ಸಲ ಕಣ್ಣು ಮುಚ್ಚುವಂತಿರಲಿಲ್ಲ. ಹುಡುಕಬೇಕಲ್ಲ! ನಕ್ಷತ್ರಗಳು ಗಿರಗಿರನೆ ತಿರುಗಿದವು, ಹೂವುಗಳು ಮೈಮೇಲೆ ಹತ್ತಿದವು. "ಅಮ್ಮಾ! ಅಮ್ಮಾ!" ಎಂದು ಕೂಗುತ್ತ, ಮೆತ್ತನೆ ದಿಂಬುಗಳ ಮೇಲೆ ಮಲಗಿದ್ದವರನ್ನೆಲ್ಲ ತುಳಿಯುತ್ತ, ಬೈಸಿಕೊಳ್ಳುತ್ತ ಹೋಗುವಷ್ಟರಲ್ಲಿ ಮತ್ತೆ ಸಮುದ್ರದ ಸರದಿ ಬಂತು. ಅಲ್ಲಿ ಗೋಡೆ ತುಂಬ ಮಕ್ಕಳು ಬರೆದ ಮೀನುಗಳು. ಅವುಗಳ ನಡುವಿನಿಂದ ಒಂದು ದೊಡ್ಡ ಮೀನು ನೇರ ಅವನ ಕಡೆಗೇ ಬಂತು. ಅದಕ್ಕೆ ದಪ್ಪ ಕನ್ನಡಕವಿತ್ತು, ತಲೆಯ ಮೇಲೆ ಗಂಟು ಕಟ್ಟಿದ ಕೂದಲಿತ್ತು, ಗಲ್ಲದ ಮೇಲೆ ಮಚ್ಚೆಯಿತ್ತು. ಬಾಯಿ ಅಗಲವಾಗಿ ತೆರೆದಿತ್ತು. ಸಾಕ್ಷಾತ್ ಮೇಡಂ!

ಮೆಟ್ಟಿಲಪ್ಪ ಸಮುದ್ರದ ನಟ್ಟನಡುವೆ ಮಂಡಿಯೂರಿ ಕುಸಿದು, ಹೊರಗೆ ಬರುತ್ತಿದ್ದ ತಿಂಡಿಯನ್ನು ತಡೆಯಲು ಎರಡೂ ಕೈಯಿಂದ ಬಾಯಿ ಮುಚ್ಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಅಲೆಗಳು ಅವನ ಮೇಲೆ ಹಾದುಹೋಗುತ್ತಿದ್ದವು. ಕಣ್ಣಿಂದ ನೀರು ದಳದಳನೆ ಇಳಿಯುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಹೆಗಲ ಮೇಲೆ ಒಂದು ಪುಟ್ಟ ಕೈ ಬಿತ್ತು.

"ಏಳಪ್ಪ" ಎಂದರು ಅಜ್ಜಿ. ಕೈಬೆರಳಿಗೆಲ್ಲ ಬಣ್ಣದ ಪೆನ್ಸಿಲಿನ ಗುರುತು. "ಆಗಿನಿಂದ ನಿನ್ನನ್ನೇ ನೋಡ್ತಿದ್ದೆ."

"ಅಮ್ಮ, ಆ ಮೀನು..."

"ಶ್! ನಾನೇ ಬರೆದದ್ದು, ಚೆನ್ನಾಗಿ ಬಂದಿದೆ ಅಲ್ವಾ? ಮಚ್ಚೆ ಸ್ವಲ್ಪ ದೊಡ್ಡದಾಯ್ತು. ನೋಡು, ಅದರ ವಿಷಯ ನೀನು ನನ್ನ ಸೊಸೆಗೆ ಹೇಳ್ಬೇಡ. ನನ್ನ ಬಿಟ್ಟು ಯಾರನ್ನೋ ಎಳ್ಕೊಂಡು ಓಡಿದ್ಯಲ್ಲ, ಅದನ್ನ ನಾನೂ ಹೇಳಲ್ಲ."

ಮೆಟ್ಟಿಲಪ್ಪ ಕೈ ಮುಗಿದ. ಅಜ್ಜಿ ಅವನನ್ನು ಹೊರಗೆ ಕರೆತಂದು ಬೆಂಚಿನ ಮೇಲೆ ಕೂರಿಸಿ ನೀರು ಕುಡಿಸಿದರು.

"ಅಮ್ಮ, ನಿಜ ಹೇಳ್ಬೇಕು ಅಂದ್ರೆ ನನಗೆ..."

"ಏನೂ ಹೇಳ್ಬೇಡ. ನಿನ್ನ ಅವಸ್ಥೆ ಕಣ್ಣಾರೆ ಕಂಡೆನಲ್ಲ, ನನಗೆ ಎಲ್ಲಾ ಅರ್ಥವಾಗಿದೆ. ದ್ವೀಪದ ವಿಷಯಾನೂ ಸೊಸೆ ಮನೇಲಿ ಹೇಳ್ತಿರ್ತಾಳೆ. ನೀನು ಯೋಚನೆ ಮಾಡ್ಬೇಡ. ನಾನು ಅವಳಿಗೆ ಹೇಳೋ ಹಾಗೆ ಹೇಳ್ತೀನಿ."

ಮೆಟ್ಟಿಲಪ್ಪನ ಕಣ್ಣಲ್ಲಿ ಮತ್ತೆ ನೀರು ಬಂತು, ಈ ಸಲ ಸಂತೋಷಕ್ಕೆ. ತನ್ನ ಕಷ್ಟ ಬಾಯಿಬಿಟ್ಟು ಹೇಳದೆಯೇ ಒಂದು ಜೀವಕ್ಕೆ ತಿಳಿಯಿತಲ್ಲ! ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದುಕೊಂಡು, ಅಜ್ಜಿಯನ್ನು ಮನೆಗೆ ಬಿಟ್ಟು, ಆರು ಮಹಡಿಯ ಮೆಟ್ಟಿಲನ್ನು ಹಾಡು ಗುನುಗುತ್ತ ಹತ್ತಿದ.

ಸಂಜೆ ಮೇಡಂ ಎಲ್ಲರನ್ನೂ ಕರೆದು ನಿಲ್ಲಿಸಿದರು. ಕ್ಯಾಷಿಯರ್ ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಮೆಟ್ಟಿಲಪ್ಪ ಮಾತ್ರ ನಿರಾಳವಾಗಿ ಗೋಡೆಗೆ ಒರಗಿದ್ದ.

"ಎಲ್ಲರ ನೆಪಾನೂ ಕೇಳಿ ಕೇಳಿ ಸಾಕಾಗಿತ್ತು ನನಗೆ" ಎಂದು ಮೇಡಂ ಶುರುಮಾಡಿದರು. "ಮಧ್ಯಾಹ್ನ ಕ್ಯಾಷಿಯರ್ ಹೆಸರಲ್ಲಿ ಆರ್ಡರ್ ರೆಡಿ ಮಾಡಿ ಸಹಿಯನ್ನೂ ಹಾಕಿದ್ದೆ."

ಕ್ಯಾಷಿಯರ್ ಕುರ್ಚಿ ಹಿಡಿದುಕೊಂಡ. ಮೆಟ್ಟಿಲಪ್ಪನಿಗೆ ಪಾಪ ಎನಿಸಿತು.

"ಅಷ್ಟರಲ್ಲಿ ಅತ್ತೆ ಫೋನ್ ಮಾಡಿದ್ರು. ನಮ್ಮಲ್ಲೇ ಇರೋ ಒಬ್ಬರ ಮನಸ್ಸು ನಮಗೇ ಗೊತ್ತಿರಲಿಲ್ಲ ನೋಡಿ! ಗೋಡೆ ಮೇಲಿನ ಸಮುದ್ರ ಕಂಡು ಇವರು ಮಂಡಿಯೂರಿ, ಕಣ್ಣು ಮುಚ್ಚಿ, ಮಗುವಿನ ಹಾಗೆ ಅತ್ತರಂತೆ. ಎರಡು ಸಲ ನೋಡಿದ್ರೂ ಆಸೆ ತೀರದೆ ಮೂರನೇ ಸಲ ಹೋದವರು! 'ಸಮುದ್ರ ಅಂದ್ರೆ ಅಷ್ಟು ಪ್ರಾಣ ಬಿಡೋನನ್ನ ಆರನೇ ಮಹಡಿಯಲ್ಲಿ ಕೂರಿಸಿದ್ದೀಯಲ್ಲ, ನಿನಗೆ ಕರುಳಿಲ್ವಾ' ಅಂತ ಅತ್ತೆ ನನ್ನನ್ನೇ ಬೈದ್ರು. ಆ ಆರ್ಡರ್ ಹರಿದು ಹಾಕ್ದೆ. ಸೋಮವಾರದ ಲಾಂಚಿಗೆ ನೀವೇ! ಅತ್ತೇನೂ ಒಂದು ಸಲ ನಿಮ್ಮ ಜೊತೆ ಬರ್ತಾರಂತೆ. ಕೈ ಬಿಡಬೇಡಿ."

ಮೆಟ್ಟಿಲಪ್ಪನ ಬಾಯಿ ಆ ಮೀನಿನ ಬಾಯಿಯಂತೆ ತೆರೆದುಕೊಂಡಿತು. "ಮೇಡಂ, ನನಗೆ ತಲೆ..."

"ಏನಂದ್ರಿ?" ಮೇಡಂ ಹುಬ್ಬು ಮೇಲೇರಿತು.

"ತಲೆಯೇ... ಓಡ್ತಿಲ್ಲ ಮೇಡಂ. ಸಂತೋಷಕ್ಕೆ" ಎಂದ ಮೆಟ್ಟಿಲಪ್ಪ.

ಕ್ಯಾಷಿಯರ್ ಓಡಿಬಂದು ಅವನನ್ನು ತಬ್ಬಿಕೊಂಡ. "ಇವತ್ತಾದ್ರೂ ಮೆಟ್ಟಿಲು ಬಿಡ್ರೀ, ದೊಡ್ಡ ಮನುಷ್ಯರಾಗಿದ್ದೀರ!" ಎಂದು ಎಲ್ಲರೂ ಸೇರಿ, ಬೇಡ ಬೇಡವೆಂದರೂ ಬಿಡದೆ, ಅವನನ್ನು ಲಿಫ್ಟಿನೊಳಗೆ ನೂಕಿ ಸುತ್ತುವರಿದು ನಿಂತರು. ಬಾಗಿಲು ಮುಚ್ಚಿತು. ಲಿಫ್ಟು ಒಮ್ಮೆ ಜಗ್ಗಿ ಕೆಳಗಿಳಿಯತೊಡಗಿತು. ಮೆಟ್ಟಿಲಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

"ಶ್, ಯಾರೂ ಮಾತಾಡ್ಬೇಡ್ರಿ" ಎಂದ ಕ್ಯಾಷಿಯರ್, ಗದ್ಗದ ದನಿಯಲ್ಲಿ. "ಪಾಪ, ಈಗ್ಲೇ ಸಮುದ್ರ ನೆನಸ್ಕೊಳ್ತಿದ್ದಾರೆ."