ಟಗರಿಗೆ ಕುಡಿಸಿದ ಅಮಾರೋ

ತಡೀರಿ, ಕೈಲಿರುವ ಕಾಫಿಯನ್ನು ಕೆಳಗಿಟ್ಟು ಓದಿ. ಈ ಕಥೆಯಲ್ಲಿ ಒಂದು ಟಗರು ಬರುತ್ತದೆ, ಅದು ಬರುವ ತನಕ ಕಾಯಲೇಬೇಕು. ಅದಕ್ಕೂ ಮುಂಚೆ ಒಂದು ತಪ್ಪೊಪ್ಪಿಗೆ: ನನಗೆ ಹಿಡಿದಿರುವುದು ಕಹಿಯ ಹುಚ್ಚು. ಇಟಲಿಯವರು ಭರ್ಜರಿ ಊಟ ಮುಗಿಸಿ, ಅರಗಲಿ ಎಂದು ಒಂದು ಗುಟುಕು ಕಹಿ ಮದ್ಯ ಕುಡಿಯುತ್ತಾರೆ. ಬೇರು, ತೊಗಟೆ, ಕಿತ್ತಳೆ ಸಿಪ್ಪೆ ಎಲ್ಲ ನೆನೆಸಿ ಮಾಡಿದ್ದು, ಹೆಸರು ಅಮಾರೋ. ಅದನ್ನು ಕಾಕ್‌ಟೇಲಿಗೆ ಬೆರೆಸುವುದೇ ಒಂದು ವಿದ್ಯೆ. ಆ ವಿದ್ಯೆಯನ್ನು ನಾನು ಕಲಿತದ್ದು ನಾಗಮಂಗಲದಲ್ಲಿ, ನಾನು ಕೆಲಸಕ್ಕಿದ್ದ ಮೊಬೈಲ್ ಅಂಗಡಿಯಲ್ಲಿ ಕೂತು, ಗಿರಾಕಿ ಇಲ್ಲದ ಹೊತ್ತಿನಲ್ಲಿ ವಿಡಿಯೋ ನೋಡಿ. ಕುಡಿದಲ್ಲ, ಬರೀ ನೋಡಿ. ಎರಡು ವರ್ಷ ಸ್ಟೀಲ್ ಲೋಟದಲ್ಲಿ ನೀರು ಕಲಕಿದ್ದೇನೆ, ಇಟಲಿಯವರ ಗಾಂಭೀರ್ಯದಿಂದ.

ಹೀಗಿರುವಾಗ ಶ್ರೀರಂಗಪಟ್ಟಣದ ಹೊಳೆದಂಡೆಯ ಒಂದು ರೆಸಾರ್ಟಿನವರು, ಬಾರಿನ ಕೆಲಸಕ್ಕೆ ಜನ ಬೇಕು, ನಿಮ್ಮದೇ ಒಂದು ಕಾಕ್‌ಟೇಲ್ ಮಾಡಿ ತೋರಿಸಿ ಎಂದು ಕರೆದರು. ಗೋವಾದಲ್ಲಿರುವ ಗೆಳೆಯ ಒಂದು ಬಾಟಲು ಅಮಾರೋ ತಂದುಕೊಟ್ಟ. ಕಷ್ಟ ಶುರುವಾದದ್ದು ಅಲ್ಲಿಂದ. ನಾನಿದ್ದದ್ದು ಬಿಂಡಿಗನವಿಲೆಯಲ್ಲಿ, ಸೋದರತ್ತೆ ಪುಟ್ಟಮ್ಮನ ಮನೆಯಲ್ಲಿ. ಹೆಂಡದ ಹೆಸರೆತ್ತಿದರೆ ಮೂರು ದಿನ ಮಾತು ಬಿಡುವ ಹೆಂಗಸು. ರೆಸಾರ್ಟಿನಲ್ಲಿ ಕೆಲಸ ಎಂದಷ್ಟೇ ಅವಳಿಗೆ ಹೇಳಿದ್ದೆ, ಬಾರು ಎಂದಿರಲಿಲ್ಲ.

“ಏನ್ಲಾ ಅದು, ಕರ್ರಗೆ?”

“ಔಷ್ದಿ ಕಣತ್ತೆ. ಒಟ್ಟೆ ಉಬ್ಬರ, ಅಜೀರ್ಣ, ಎಲ್ಲಕ್ಕೂ ಆಯ್ತದೆ. ಇಟಲಿದು.”

“ಅಷ್ಟ್ ದೂರದಿಂದ ಬಂದೈತಾ? ಅಂಗಾರೆ ಚೆನ್ನಾಗೇ ಇರ್ತದೆ ಬುಡು.”

ಎಂಥ ಸೇಲ್ಸ್‌ಮನ್ ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕೆಲಸದ ಪರೀಕ್ಷೆಗೆ ಇನ್ನೊಂದೇ ದಿನ ಇರುವಾಗ, ಮಧ್ಯಾಹ್ನ ಊಟಕ್ಕೆ ಬಂದು ನೋಡುತ್ತೇನೆ: ಅಂಗಳದಲ್ಲಿ ಅತ್ತೆಯ ಮುದ್ದಿನ ಟಗರು. ಕಟ್ಟು ಕಿತ್ತುಕೊಂಡು ಬಂದು ಒಂದು ಕುಕ್ಕೆ ರಾಗಿ ಮುಗಿಸಿತ್ತಂತೆ. ಹೊಟ್ಟೆ ತಮಟೆ. ದನದ ಡಾಕ್ಟರು ದೇವಲಾಪುರಕ್ಕೆ ಹೋಗಿದ್ದರು. ಅತ್ತೆ ಟಗರಿನ ದವಡೆ ಹಿಡಿದು, ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟವನ್ನು ಬಾಯಿಗೆ ಇಟ್ಟಿದ್ದಳು. ಪಕ್ಕದಲ್ಲಿ ನನ್ನ ಬಾಟಲು.

“ಅತ್ತೇ! ಏನ್ ಮಾಡ್ಬುಟ್ಟೆ!”

“ಯಾಕ್ಲಾ ಅಂಗೆ ಬಡ್ಕೊಂಡೀಯೆ? ಒಟ್ಟೆ ಉಬ್ಬರಕ್ಕೆ ಅಂತ ನೀನೇ ಅಲ್ವೇನ್ಲಾ ಏಳಿದ್ದು? ತಕ್ಕೋ, ಕೇಳೀಗ.”

ಟಗರು ತೇಗಿತು. ಕಿತ್ತಳೆ ಸಿಪ್ಪೆಯ ಪರಿಮಳದ, ದೀರ್ಘವಾದ, ತೃಪ್ತ ತೇಗು. ಇಟಲಿಯಲ್ಲೂ ಯಾರೂ ಹಾಗೆ ತೇಗಿರಲಾರರು. ಆಮೇಲೆ ಗೋಡೆಗೆ ಒರಗಿ ನಮ್ಮಿಬ್ಬರನ್ನೂ ಬಹಳ ವಿಶ್ವಾಸದಿಂದ ನೋಡತೊಡಗಿತು. ಸಂಜೆ ಬಂದ ಡಾಕ್ಟರು, ಬದುಕಿದ್ದು ಅದರ ಪುಣ್ಯ, ಇನ್ನೊಂದು ಸಲ ಸಿಕ್ಕಿದ್ದೆಲ್ಲ ಕುಡಿಸಬೇಡಿ ಎಂದು ಬೈದು ಹೋದರು. ನನ್ನ ಬಾಟಲಿನ ತಳದಲ್ಲಿ ಉಳಿದದ್ದು ಎರಡೇ ಬೆರಳಿನಷ್ಟು.

ಮಾರನೆಯ ದಿನ ಪಾಂಡವಪುರದ ಮೇಲೆ ಹೋಗುವ ಬಸ್ಸಿನಲ್ಲಿ ಆ ಎರಡು ಬೆರಳನ್ನು ಮಡಿಲಲ್ಲಿಟ್ಟುಕೊಂಡು ಹೋದೆ. ಅರ್ಧ ಗ್ಲಾಸು ಅಮಾರೋ ಸುರಿಯುವುದು ನನ್ನ ಮೂಲ ಯೋಜನೆ. ಈಗ ಜಿನ್ನು, ನಿಂಬೆರಸ, ಬೆಲ್ಲದ ಪಾಕ ಹಾಕಿ, ಅಮಾರೋವನ್ನು ಮಾತ್ರ ಚಮಚದಲ್ಲಿ ಅಳೆದು ಹಾಕಿದೆ. ಮ್ಯಾನೇಜರು ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು ಕುಡಿದರು.

“ಹೊಸಬರೆಲ್ಲ ಕಹೀನ ಸುರಿದುಬಿಡ್ತಾರೆ. ನೀವು ಎಷ್ಟು ಬೇಕೋ ಅಷ್ಟೇ ಹಾಕಿದೀರ. ಯಾರು ಕಲಿಸಿದ್ದು?”

“ಒಂದು ಟಗರು, ಸಾರ್.”

ಪೂರ್ತಿ ಹೇಳಿದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಸೋಮವಾರದಿಂದ ಬನ್ನಿ ಎಂದರು.

ಮನೆಗೆ ಬಂದವನು ಅತ್ತೆಯ ಎದುರು ಕೂತು, ಮೂರು ದಿನದ ಮೌನಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಹೇಳಿದೆ: “ಅತ್ತೆ, ಅದು ಔಷ್ದಿ ಅಲ್ಲ. ಎಂಡ.”

ಅತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಮುಚ್ಚಳ ತೆಗುದ್ರೆ ವಾಸ್ನೆ ಬರಲ್ವೇನ್ಲಾ, ಪೆದ್ದ? ಟಗರು ಇನ್ನೂ ಬೇಕು ಅಂತ ಬಾಯ್ ಬುಡ್ತಿತ್ತು. ನಿನ್ ಕೆಲ್ಸಕ್ಕೆ ಬೇಕಾಯ್ತದೆ ಅಂತ ಅಷ್ಟು ಉಳಿಸ್ದೆ. ಎದ್ದು ಕೈಕಾಲ್ ತೊಳ್ಕೊ, ಉಣ್ಣೀವಂತೆ.”

ಇವತ್ತು ಆ ಬಾರಿನಲ್ಲಿ ನಾನು ಅಮಾರೋವನ್ನು ಚಮಚದಲ್ಲೇ ಹಾಕುತ್ತೇನೆ, ಜನ ಹೊಗಳುತ್ತಾರೆ, ನಾನು ನನ್ನದೇ ಅಳತೆ ಎನ್ನುವಂತೆ ತಲೆಯಾಡಿಸುತ್ತೇನೆ. ಅಳತೆ ಅತ್ತೆಯದು. ನನ್ನ ಸೇಲ್ಸ್ ಮಾತಿಗೆ ಆ ಮನೆಯಲ್ಲಿ ಮೋಸಹೋದವನು ನಾನೊಬ್ಬನೇ. ನಿಮ್ಮ ಸುಳ್ಳನ್ನು ಗೊತ್ತಿದ್ದೂ ನಂಬಿದವರಂತೆ ಇದ್ದು, ನಿಮಗೆ ಬೇಕಾದಷ್ಟನ್ನು ತಳದಲ್ಲಿ ಉಳಿಸಿಟ್ಟವರು ನಿಮ್ಮ ಮನೆಯಲ್ಲೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಅತ್ತೆಗೆ ಓದಿ ಹೇಳುತ್ತೇನೆ. ಟಗರಿಗೆ ಈಗ ಬರೀ ನೀರು.