ನೂರು ದಾಟಿದರೆ ಏಳು ನಿಮಿಷ

ತೊಂದರೆಗೆಲ್ಲ ಮೂಲ ವೈದ್ಯರು ಆಡಿದ ಒಂದು ಮಾತು. "ವೈರಸ್ ಹೋಗಿದೆ. ಸುಸ್ತು ಇನ್ನೂ ಸ್ವಲ್ಪ ದಿನ ಇರುತ್ತೆ" ಎಂದಿದ್ದರು. ಸ್ವಲ್ಪ ದಿನ ಅಂದರೆ ಎಷ್ಟು ದಿನ ಎಂದು ಗುಮಾಸ್ತ ಕೇಳಿದ್ದಕ್ಕೆ ನಕ್ಕು ಮುಂದಿನ ರೋಗಿಯನ್ನು ಕರೆದರು. ಆ ನಗುವಿನ ಮೇಲೆ ಗುಮಾಸ್ತನಿಗೆ ಅಂದೇ ಅನುಮಾನ ಬಂತು. ಒಂದೋ ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ, ಇಲ್ಲವೇ ಇವರಿಗೇನೂ ಗೊತ್ತಿಲ್ಲ. ಎರಡರಲ್ಲಿ ಯಾವುದಾದರೂ ಇವರನ್ನು ನಂಬಿ ಕೂತರೆ ಕೆಟ್ಟೆ ಎಂದುಕೊಂಡು, ತನ್ನ ಚಿಕಿತ್ಸೆಯನ್ನು ತಾನೇ ಕೈಗೆತ್ತಿಕೊಂಡ.

ಅವನ ಪದ್ಧತಿ ಸರಳವಾಗಿತ್ತು. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತ ನಾಡಿ ಎಣಿಸಬೇಕು. ನಿಮಿಷಕ್ಕೆ ನೂರು ದಾಟಿತೋ, ಇದ್ದಲ್ಲೇ ಏಳು ನಿಮಿಷ ಕೂರಬೇಕು. ಆ ಏಳು ನಿಮಿಷ ತುಟಿ ಬಿಚ್ಚುವಂತಿಲ್ಲ. ಆಮೇಲೆ ಹೊತ್ತೆಷ್ಟು, ಎದುರಿಗೆ ಯಾರಿದ್ದರು, ನಾಡಿ ಎಷ್ಟು, ಇಷ್ಟನ್ನೂ ಕೆಂಪು ರಟ್ಟಿನ ಪುಟ್ಟ ಪುಸ್ತಕದಲ್ಲಿ ಬರೆಯಬೇಕು. ಯಾರನ್ನು ಕಂಡರೆ ನಾಡಿ ಏರುತ್ತದೆಂದು ಗೊತ್ತಾದರೆ ಅಂಥವರಿಂದ ದೂರವಿರಬಹುದಲ್ಲ! ಏಳೇ ನಿಮಿಷ ಏಕೆಂದರೆ, ಐದು ಸಾಲುತ್ತಿರಲಿಲ್ಲ, ಹತ್ತಕ್ಕೆ ಹೆಂಡತಿ ಬಿಡುತ್ತಿರಲಿಲ್ಲ.

"ಅಲ್ಲಾ ರೀ, ನಾನು ಹಾಲು ತನ್ನಿ ಅಂದ್ರೆ ನೂರ ಹತ್ತಾಗುತ್ತೆ, ನಿಮ್ಮಕ್ಕ ಊಟಕ್ಕೆ ಕರೆದ್ರೆ ಎಂಬತ್ತಕ್ಕಿಳಿಯುತ್ತೆ. ಇದ್ಯಾವ ಜಾತಿ ವೈರಸ್ಸು?" ಎಂದು ಆಕೆ ಕೇಳಿದಳು. ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆಯೇ ಅತಿ ಹೆಚ್ಚು ಅಂಕಿಗಳಿರುವುದನ್ನು ಅವಳು ಆಗಲೇ ಕಂಡಿದ್ದಳು.

ಗೇಲಿ ಏನೇ ಇರಲಿ, ಅವನ ಸುಸ್ತು ಮಾತ್ರ ಸುಳ್ಳಲ್ಲ. ಎರಡು ವಾರದ ಹಿಂದೆ, ಒಣಗಿದ ಬಟ್ಟೆ ತರಲು ಮಹಡಿ ಹತ್ತಿದ್ದಕ್ಕೆ ಮೂರು ದಿನ ಹಾಸಿಗೆ ಹಿಡಿದಿದ್ದ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವಾಗ, ಇನ್ನು ತನ್ನ ಬಾಳೇ ಇಷ್ಟೇನೋ ಎಂದು ಕಣ್ಣಲ್ಲಿ ನೀರು ಬಂದಿತ್ತು. ಅಂದಿನಿಂದ ಮೆಟ್ಟಿಲು ಕಂಡರೆ ಅವನಿಗೆ ನಿಜವಾದ ಭಯ.

ಐದು ವಾರದ ರಜೆ ಮುಗಿದು ಇಂದು ಕೆಲಸಕ್ಕೆ ಹಾಜರಾಗಬೇಕು. ಲಕೋಟೆ ತಯಾರಿಸುವ ಕಂಪನಿಯಲ್ಲಿ ಅವನು ರವಾನೆ ಗುಮಾಸ್ತ. ಕುರ್ಚಿ ನೆಲಮಹಡಿಯಲ್ಲಿತ್ತು, ಅದೇ ಪುಣ್ಯ. ಆದರೆ ಮ್ಯಾನೇಜರ್ ಫೋನಿನಲ್ಲಿ ಒಂದು ಮಾತು ಹೇಳಿದ್ದರು: "ಇವತ್ತು ಒಂಬತ್ತರಿಂದ ಐದರ ತನಕ ನಿಭಾಯಿಸಿದ್ರೆ ಕುರ್ಚಿ ನಿಮ್ಮದು. ಆಗದಿದ್ರೆ ಅಲ್ಲಿಗೆ ಬೇರೆಯವರನ್ನ ಹಾಕಿ ನಿಮ್ಮನ್ನ ಗೋಡೌನಿಗೆ ಕಳಿಸ್ತೀನಿ. ಅಲ್ಲಿ ಕೂತು ಎಣಿಸೋ ಕೆಲಸ, ಆರಾಮ." ಕೂತು ಮಾಡುವ ಕೆಲಸವೇ ಸರಿ. ಆದರೆ ಗೋಡೌನಿರುವುದು ಮೂರನೇ ಮಹಡಿಯಲ್ಲಿ, ಲಿಫ್ಟು ಕೆಟ್ಟು ಯಾವ ಕಾಲವಾಯಿತೋ. ಕೂರಬೇಕಾದರೆ ಮೊದಲು ಅರವತ್ತಾರು ಮೆಟ್ಟಿಲು ಹತ್ತಬೇಕಿತ್ತು.

ಅವನಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿತ್ತು. ಯಾರು ಎಷ್ಟು ಹೊತ್ತು ದುಡಿಯುತ್ತಾರೆ, ಎಷ್ಟು ಹೊತ್ತು ಹರಟುತ್ತಾರೆ ಎಂದು ಗುಟ್ಟಾಗಿ ಅಳೆಯಲು ಮುಖ್ಯ ಕಚೇರಿಯವರು ಒಬ್ಬನನ್ನು ಬಿಟ್ಟಿದ್ದಾರೆಂದು ಕಳೆದ ವಾರದಿಂದ ಕಂಪನಿಯಲ್ಲೆಲ್ಲ ಗುಸುಗುಸು ಎದ್ದಿತ್ತು.

ಬಸ್ಸಿಳಿದು ಗೇಟಿನವರೆಗೆ ನಡೆಯುವಷ್ಟರಲ್ಲಿ ಗುಮಾಸ್ತನ ನಾಡಿ ನೂರ ನಾಲ್ಕಾಯಿತು. ಪದ್ಧತಿಯೆಂದರೆ ಪದ್ಧತಿ. ಅಲ್ಲೇ ಕಟ್ಟೆಯ ಮೇಲೆ ಕೂತು ಗಡಿಯಾರ ನೋಡತೊಡಗಿದ. ಎದುರಿಗೆ ಕಾವಲುಗಾರ ಬೂಟು ಬಿಚ್ಚಿಟ್ಟು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ನಮಸ್ಕಾರ ಸಾರ್. ಹುಷಾರಾದ್ರಾ?"

ಗುಮಾಸ್ತ ಗಡಿಯಾರದ ಮುಳ್ಳಿನ ಮೇಲೇ ಕಣ್ಣಿಟ್ಟಿದ್ದ.

"ಮಂಡಿ ನೋವು ಸಾರ್. ಈಗಷ್ಟೇ ಬೂಟು ಬಿಚ್ಚಿದ್ದು."

ಗುಮಾಸ್ತ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಕಾವಲುಗಾರ ಒಂದು ಬೂಟು ಹಾಕಿಕೊಂಡ. ಎರಡನೆಯದನ್ನೂ ಹಾಕಿಕೊಂಡು ಎದ್ದು ನೆಟ್ಟಗೆ ನಿಂತ. ಏಳು ನಿಮಿಷ ಮುಗಿಯಿತು. ಗುಮಾಸ್ತ ಕೆಂಪು ಪುಸ್ತಕ ತೆಗೆದು, "೮-೫೨, ಕಾವಲುಗಾರ, ೧೦೪" ಎಂದು ಬರೆದು, ಮುಗುಳ್ನಕ್ಕು ಒಳಗೆ ಹೋದ. ಆ ನಗು ಕಂಡು ಕಾವಲುಗಾರ, ಗುಟ್ಟಾಗಿ ಅಳೆಯುವವನು ಇವನೇ ಎಂದುಕೊಂಡು ಒಳಗೆ ಫೋನು ಮಾಡಿದ.

ಸುದ್ದಿ ಅವನಿಗಿಂತ ಮೊದಲು ಟೈಪಿಸ್ಟಳ ಮೇಜು ತಲುಪಿತು. ರವಾನೆ ಪಟ್ಟಿ ತರಲು ಗುಮಾಸ್ತ ಅಲ್ಲಿಗೆ ಹೋದಾಗ ಆಕೆ ಅಂಗಡಿಯಲ್ಲಿ ಕೊಂಡ ಸೀರೆಯ ವಿಷಯವನ್ನು ಫೋನಿನಲ್ಲಿ ವಿವರಿಸುತ್ತಿದ್ದಳು. ಇವನನ್ನು ಕಂಡದ್ದೇ ತಡ, "ಆಮೇಲೆ ಮಾಡ್ತೀನಿ, ಅವನು ಬಂದ" ಎಂದು ಪಿಸುಗುಟ್ಟಿ ಫೋನಿಟ್ಟಳು. ಅವನು ಬಂದ ಅಂದರೆ ಏನರ್ಥ? ಗುಮಾಸ್ತನಿಗೆ ಅನುಮಾನವಾಯಿತು. ನನ್ನ ಕುರ್ಚಿಗೆ ಆಗಲೇ ಯಾರನ್ನೋ ಗೊತ್ತು ಮಾಡಿದ್ದಾರೆಯೆ? ಯೋಚನೆಗೇ ನಾಡಿ ನೂರ ಆರಕ್ಕೇರಿತು. ಪಕ್ಕದ ಸ್ಟೂಲಿನ ಮೇಲೆ ಕೂತ.

ಟೈಪಿಸ್ಟಳ ಬೆರಳುಗಳು ಕೀಲಿಗಳ ಮೇಲೆ ಹುರಿಯುವ ಕಡಲೆ ಸಿಡಿದ ಹಾಗೆ ಸಿಡಿಯತೊಡಗಿದವು. ಏಳು ನಿಮಿಷದಲ್ಲಿ ಮೂರು ಪುಟ ಮುಗಿದವು. ಅವನು ಬರೆದುಕೊಂಡದ್ದನ್ನು ತಲೆಕೆಳಗಾಗಿಯೇ ಓದಿ, ಆಕೆ ಅಳುಮೋರೆ ಮಾಡಿದಳು. "ನೂರ ಆರೇನಾ ಅಣ್ಣಾ? ಕಾವಲುಗಾರನಿಗಿಂತ ಬರೀ ಎರಡು ಜಾಸ್ತಿ?"

"ಇದು ಕಡಿಮೆ ಇದ್ದಷ್ಟೂ ಒಳ್ಳೇದಮ್ಮ" ಎಂದು ಗುಮಾಸ್ತ ಸಮಾಧಾನ ಹೇಳಿದ.

ಹತ್ತು ನಿಮಿಷದಲ್ಲಿ ಈ ಮಾತು ಇಡೀ ಕಟ್ಟಡ ಸುತ್ತಿತು. ಕಡಿಮೆ ಇದ್ದಷ್ಟೂ ಒಳ್ಳೆಯದಂತೆ! ಹಾಗಾದರೆ ಅದು ಅಂಕವಲ್ಲ, ತಪ್ಪುಗಳ ಸಂಖ್ಯೆ.

ಮಧ್ಯಾಹ್ನದ ಹೊತ್ತಿಗೆ ಗುಮಾಸ್ತನ ಮೇಜಿನ ಮೇಲೆ ನಾಲ್ಕು ಲೋಟ ಕಾಫಿ, ಬೆನ್ನಿಗೆ ಎರಡು ದಿಂಬು ಬಂದಿದ್ದವು. ಐದು ವಾರದಲ್ಲಿ ಹೇಗಿದ್ದೀಯೆಂದು ಒಂದು ಫೋನು ಮಾಡದವರೆಲ್ಲ ಈಗ ಹಲ್ಲುಕಿರಿಯುತ್ತ ಹಾದುಹೋಗುತ್ತಿದ್ದರು. ಇಷ್ಟು ಉಪಚಾರ ಯಾತಕ್ಕೆ? ತನ್ನ ರೋಗದ ಬಗ್ಗೆ ತನಗೆ ಗೊತ್ತಿಲ್ಲದ್ದೇನಾದರೂ ಇವರಿಗೆ ಗೊತ್ತೋ? ವೈದ್ಯರ ಆ ನಗು ನೆನಪಾಗಿ ಅವನು ಒಂದು ಲೋಟವನ್ನೂ ಮುಟ್ಟಲಿಲ್ಲ. ಲಂಚಕ್ಕೂ ಬಗ್ಗದ ಆಸಾಮಿ ಎಂದು ಉಳಿದವರು ಇನ್ನಷ್ಟು ಬೆದರಿದರು.

ಕೊನೆಗೆ ಮೊದಲ ಮಹಡಿಯಿಂದ ಅಂಟಿನ ವಿಭಾಗದ ಮೇಸ್ತ್ರಿಯೇ ಇಳಿದು ಬಂದ. ಟೈಪಿಸ್ಟಳೂ ಕಾವಲುಗಾರನೂ ಅವನ ಬೆನ್ನಿಗೆ ನಿಂತರು.

"ಗುಮಾಸ್ತ್ರೇ, ಬಾಯಿಬಿಟ್ಟು ಹೇಳಿಬಿಡಿ. ಏನದು ಪುಸ್ತಕ?"

"ನನ್ನ ನಾಡಿ ಲೆಕ್ಕ. ಜ್ವರ ಬಂದಿತ್ತಲ್ಲ, ಸುಸ್ತು ಹೋಗೋಕೆ ನಾನೇ ಮಾಡ್ಕೊಂಡಿರೋ ಪದ್ಧತಿ."

"ಐದು ವಾರ ಜ್ವರಾನೇ? ನಮ್ಮತ್ತೆಗೂ ಬಂದಿತ್ತು, ಐದು ದಿನಕ್ಕೆ ಎದ್ದು ಬೈಯೋಕೆ ಶುರು ಮಾಡಿದ್ರು. ನಿಜ ಹೇಳಿ, ಮುಖ್ಯ ಕಚೇರೀಲಿ ತಾನೇ ನಿಮಗೆ ಟ್ರೈನಿಂಗ್ ಆಗಿದ್ದು?"

"ದೇವರಾಣೆ, ನನಗೆ ಹುಷಾರಿರಲಿಲ್ಲ! ಬೇಕಿದ್ರೆ ನೀವೇ ನಾಡಿ ನೋಡಿ."

ಮೇಸ್ತ್ರಿ ಮಣಿಕಟ್ಟು ಹಿಡಿದ. ಟೈಪಿಸ್ಟಳು ಗಡಿಯಾರ ನೋಡಿದಳು. ಆದರೆ ಗುಮಾಸ್ತ ಆಗತಾನೆ ಎರಡು ದಿಂಬಿಗೊರಗಿ ಏಳು ನಿಮಿಷ ಮುಗಿಸಿದ್ದ. ಐದು ವಾರದ ಸಾಧನೆ ಸುಮ್ಮನೆ ಹೋದೀತೆ?

"ಎಪ್ಪತ್ತೆಂಟು!" ಎಂದು ಮೇಸ್ತ್ರಿ ಕೈ ಕೊಡವಿದ. "ನನ್ನದೇ ಇವನದಕ್ಕಿಂತ ಜೋರಾಗಿದೆ. ಇವನಿಗೆ ರೋಗವಂತೆ ರೋಗ!" ಅಷ್ಟಕ್ಕೇ ಬಿಡದೆ ಮೇಜಿನ ಮೇಲಿದ್ದ ಪುಸ್ತಕ ಕಿತ್ತುಕೊಂಡು, ದಡದಡನೆ ಮೆಟ್ಟಿಲು ಹತ್ತಿ ಮರೆಯಾದ.

ಪುಸ್ತಕದಲ್ಲಿ ಐದು ವಾರದ ಬದುಕಿತ್ತು. ಅದಿಲ್ಲದೆ ಎಷ್ಟು ನಡೆಯಬಹುದು, ಎಲ್ಲಿ ನಿಲ್ಲಬೇಕು ಎಂಬುದೇ ಅವನಿಗೆ ತಿಳಿಯದು. ಗುಮಾಸ್ತ ಕಂಬಿ ಹಿಡಿದು ಹತ್ತಿದ. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಉಸಿರೆಳೆದ. ಇಪ್ಪತ್ತೆರಡನೆಯದು ಮುಗಿಯುತ್ತಲೇ ಅಂಟಿನ ವಿಭಾಗದ ಬಾಗಿಲಲ್ಲೇ ಕುಸಿದು ಕೂತು, ಅಭ್ಯಾಸಬಲದಿಂದ ಗಡಿಯಾರ ನೋಡಿದ.

ಒಳಗೆ ಮಾತು ಗಪ್ಪನೆ ನಿಂತಿತು. ಮೂವತ್ತು ಜೋಡಿ ಕೈಗಳು ಕಾಗದ ಮಡಿಸುವ, ಅಂಟು ಹಚ್ಚುವ ಸದ್ದಲ್ಲದೆ ಬೇರೆ ಸದ್ದಿಲ್ಲ. ಯಾರೂ ತಲೆಯೆತ್ತಲಿಲ್ಲ. ಮೇಸ್ತ್ರಿ ತನ್ನ ಹೆಸರು ಹುಡುಕುತ್ತಿದ್ದವನು ಅವನನ್ನು ಕಂಡು ಬೆವತು, "ನಾನು ಏನೂ ಓದಿಲ್ಲ! ಮ್ಯಾನೇಜರ್ ಹತ್ರಾನೇ ಕೊಡ್ತೀನಿ!" ಎನ್ನುತ್ತ ಅವನನ್ನು ದಾಟಿಕೊಂಡು ಕೆಳಗೋಡಿದ.

ಪಾಪ, ಗುಮಾಸ್ತ ಒಂದೊಂದೇ ಮೆಟ್ಟಿಲಿಳಿದು ತನ್ನ ಕುರ್ಚಿ ಸೇರಿದ. ತಲೆ ಸುತ್ತುತ್ತಿತ್ತು. ಮಲಗಿದರೆ ಕುರ್ಚಿ ಹೋಯಿತು ಎಂದು ಹಲ್ಲುಕಚ್ಚಿ ಪಟ್ಟಿಗಳನ್ನು ಬರೆದ. ಐದಕ್ಕೆ ಕಾಲು ಗಂಟೆ ಇದೆ ಎನ್ನುವಾಗ ಮ್ಯಾನೇಜರಿಂದ ಕರೆ ಬಂತು.

ಮ್ಯಾನೇಜರ್ ಕೈಯಲ್ಲಿ ಕೆಂಪು ಪುಸ್ತಕವಿತ್ತು.

"ಸಾರ್, ಅದು ನನ್ನ ನಾಡಿ ಸಾರ್..."

"ಗೊತ್ತು."

ಗುಮಾಸ್ತನಿಗೆ ತನ್ನ ಕಿವಿಯ ಮೇಲೇ ಅನುಮಾನವಾಯಿತು. "ನಂಬ್ತೀರಾ ಸಾರ್?"

"ಕಾವಲುಗಾರ, ೧೦೪ ಅಂತ ಬರೆದಿದ್ದೀರಿ. ನಮ್ಮ ಕಾವಲುಗಾರನ ತಪ್ಪುಗಳನ್ನ ಎಣಿಸಿ ನೂರ ನಾಲ್ಕಕ್ಕೆ ನಿಲ್ಲಿಸೋಕೆ ಯಾರಿಗೂ ಸಾಧ್ಯ ಇಲ್ಲ. ನಾಡೀನೇ ಇರಬೇಕು."

ಐದು ವಾರದಲ್ಲಿ ತನ್ನನ್ನು ನಂಬಿದ ಮೊದಲ ಮನುಷ್ಯ! ಗುಮಾಸ್ತ ಒಂದು ಹೆಜ್ಜೆ ಮುಂದೆ ಬಂದ. "ಹಾಗಾದ್ರೆ ನನ್ನ ಕುರ್ಚಿ...?"

"ಅದನ್ನ ಮರೆತುಬಿಡಿ. ಇವತ್ತು ಎಷ್ಟು ಲಕೋಟೆ ಆಗಿದೆ ಗೊತ್ತಾ? ಮೂರು ದಿನದ್ದು!" ಮ್ಯಾನೇಜರ್ ಎದ್ದು ಬಾಗಿಲು ಮುಚ್ಚಿ ದನಿ ತಗ್ಗಿಸಿದರು. "ಮುಖ್ಯ ಕಚೇರಿಯಿಂದ ಅಳೆಯೋಕೆ ಯಾರೂ ಬಂದಿಲ್ಲ. ಆ ಸುದ್ದಿ ಹಬ್ಬಿಸಿದ್ದು ನಾನೇ. ಒಂದು ವಾರ ಒಬ್ಬನೂ ಹೆದರಲಿಲ್ಲ. ನೀವು ಬಂದು ಕೂತ್ರಿ, ಎಲ್ಲರೂ ನಂಬಿದ್ರು. ನಾಳೆಯಿಂದ ನಿಮಗೆ ಬೇರೆ ಕೆಲಸ ಇಲ್ಲ. ಗಂಟೆಗೊಂದು ಸಲ ಕೆಳಗಿಂದ ಗೋಡೌನ್ ತನಕ ಒಂದು ಸುತ್ತು. ಸುಸ್ತಾದಲ್ಲಿ ಕೂತು ನಾಡಿ ಎಣಿಸಿ, ಬರ್ಕೊಳ್ಳಿ. ಎಷ್ಟು ಸಲ ಸುಸ್ತಾದ್ರೆ ಅಷ್ಟು ಒಳ್ಳೇದು."

ಗುಮಾಸ್ತ ಎರಡು ಬೆರಳನ್ನು ಮಣಿಕಟ್ಟಿಗಿಟ್ಟ. ನೂರ ಇಪ್ಪತ್ತೆಂಟು. ಪಕ್ಕದ ಕುರ್ಚಿಯತ್ತ ಕೈ ಚಾಚಿದ.

ಮ್ಯಾನೇಜರ್ ಅದನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು. "ಇಲ್ಲಿ ಕೂತು ದಂಡ ಮಾಡಬೇಡಿ. ಎರಡನೇ ಮಹಡಿಗೆ ಹೋಗಿ ಕೂತ್ಕೊಳ್ಳಿ. ಕತ್ತರಿಸೋ ವಿಭಾಗದವರು ಇನ್ನೂ ನಿಮ್ಮನ್ನ ನೋಡೇ ಇಲ್ಲ."